ರೋಗಕ್ಕಿಂತ ಮೊದಲಿನ ಬ್ಯಾನಿ

ಮೂಳೆಯ ಅಪರೂಪದ ಕ್ಯಾನ್ಸರನ್ನು ದೇಶದ ಆಸ್ಪತ್ರೆಗಳು ಎಷ್ಟು ಬೇಗ ಪತ್ತೆಹಚ್ಚುತ್ತವೆಂದು ಪರಿಶೀಲಿಸುವ ತಂಡದವನೊಬ್ಬ ಮಿಶ್ರಿಕೋಟಿಯ ನಮ್ಮ ಮನೆಗೆ ಫೋನ್ ಮಾಡಿದ. ಅದೇ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡಿದ್ದ ನನ್ನ ಕಾಕಿ ಸ್ಪೀಕರ್ ಹಾಕಿ ಮಾತಾಡಿದಳು.

"ರೋಗ ಯಾವಾಗ ಶುರುವಾಯಿತಮ್ಮಾ?"

"ಹುಬ್ಬಳ್ಳ್ಯಾಗ ದೊಡ್ಡ ಡಾಕ್ಟರು ಹೇಳಿದ ದಿನಾರಿ. ಅದ ವಾರ ಔಷಧ ಚಾಲೂ ಮಾಡಿದ್ರು."

"ತಡವೇ ಆಗಿಲ್ಲ ಹಾಗಾದರೆ," ಎಂದ ಆತನ ದನಿಯ ಸಮಾಧಾನವೇ ನನ್ನಲ್ಲಿ ಸಂಶಯ ಹುಟ್ಟಿಸಿತು.

"ಕಾಕಿ, ಬ್ಯಾನಿ ಯಾವಾಗಿಂದ ಇತ್ತು?"

"ಬ್ಯಾನಿ ಭತ್ತಾ ಬಿತ್ತೂವಾಗಿಂದನ ಇತ್ತಲ್ಲ. ಊರ ಡಾಕ್ಟರು ಉಳುಕು ಅಂದ್ರು, ಸುಗ್ಗಿತನಾ ಎಣ್ಣಿ ತಿಕ್ಕಿದ್ವಿ. ಇಷ್ಟು ಓದೀದಿ, ಬ್ಯಾನಿಗೂ ರೋಗಕ್ಕೂ ಫರಕ್ ತಿಳೀದೇನ ನಿನಗ?"

ನಮ್ಮಲ್ಲಿ ನೋವೆಂದರೆ ಬ್ಯಾನಿ. ಡಾಕ್ಟರು ಹೆಸರಿಡುವವರೆಗೆ ಅದು ರೋಗವಲ್ಲ. ಪ್ರಶ್ನೆಯಲ್ಲಿ ರೋಗವೆಂಬ ಪದವನ್ನು ಇಟ್ಟವರಿಗೆ ಇದು ತಿಳಿದಿರಲಿಲ್ಲವೋ, ತಿಳಿದೇ ಇಟ್ಟರೋ? ಹೀಗೆ ಕೇಳಿದರೆ ಯಾರ ವಿಳಂಬವೂ ಎಲ್ಲಿಯೂ ಕಾಣುವುದಿಲ್ಲ.

ಬಿತ್ತನೆಯ ಕಾಲದಿಂದಲೇ ಎಂದು ತಿದ್ದಿಕೊಳ್ಳುವಂತೆ ಪಟ್ಟುಹಿಡಿದೆ. ಆತ ಅರೆಮನಸ್ಸಿನಿಂದ ಒಪ್ಪಿದ.

ಆಗ ಕಾಕಿ ಕೇಳಿದಳು: "ಅವಾಗನ ಗೊತ್ತಾಗಿದ್ರ ಕಾಲು ಉಳೀತಿತ್ತೇನ್ರಿ?"

"ಅದನ್ನು ಹೇಳುವುದು ನಮ್ಮ ಕೆಲಸವಲ್ಲಮ್ಮಾ."

"ಮತ್ತೆ ಯಾರ ಕೆಲಸ?" ಎಂದು ನಾನು ಕೇಳಿದೆ. ಆತ ತನ್ನ ಮೇಲಿನವರ ನಂಬರು ಕೊಡುವವರೆಗೂ ನಾನು ಫೋನ್ ಇಡಲಿಲ್ಲ.