ಬೆವರದ ಹರವಿ

ರಾಮಸಮುದ್ರದ ಸೊಸೆ ಸಂಘಮಿತ್ರಾ ಪಕ್ಕದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ನೀರಿನ ಪಾಠ ಬಂದರೆ ಅವಳಿಗೆ ಎಲ್ಲಿಲ್ಲದ ಹುರುಪು. ಹುಡುಗಿಯರನ್ನು ಕೈ ಕೈ ಹಿಡಿಸಿ ನಿಲ್ಲಿಸಿ, ನೀರಿನ ಅಣುಗಳು ಹೀಗೇ ಒಂದನ್ನೊಂದು ಹಿಡಿದಿರುತ್ತವೆ, ಇದಕ್ಕೆ ಹೈಡ್ರೋಜನ್ ಬಂಧ ಎನ್ನುತ್ತಾರೆ ಎಂದು ವಿವರಿಸುವಳು. ಹಿಡಿತ ಬಿಡಿಸಿಕೊಂಡು ಆವಿಯಾಗಿ ಹೋಗಲು ಅಣುವಿಗೆ ಬಹಳ ಶಾಖ ಬೇಕು. ಆ ಶಾಖವನ್ನು ಬೆವರು ನಮ್ಮ ಮೈಯಿಂದಲೇ ಕಿತ್ತುಕೊಂಡು ಹೋಗುತ್ತದೆ, ಅದಕ್ಕೇ ಮೈ ತಂಪಾಗುತ್ತದೆ. ಇಷ್ಟೆಲ್ಲ ಬಲ್ಲ ಹೆಣ್ಣುಮಗಳು ಈ ಬೇಸಿಗೆಗೆ ಮಾಡಿದ್ದೇನು ಗೊತ್ತೇ? ಚಂದ ಕಾಣಲೆಂದು ಕುಡಿಯುವ ನೀರಿನ ಮಣ್ಣಿನ ಹರವಿಗೆ ನೀಲಿ ಆಯಿಲ್ ಪೇಂಟ್ ಬಳಿದಳು.

ಅತ್ತೆ ಮೋನಮ್ಮ ಸುಮ್ಮನಿರುವ ಪೈಕಿ ಅಲ್ಲ. "ಹರವಿ ಬೆವರಿದ್ರ ಅಲ್ಲೇನವ್ವ ನೀರು ತಣ್ಣಗಾಗೋದು? ನೀ ಅದರ ಮೈ ಮುಚ್ಚಿಟ್ಟಿ" ಎಂದು ಬಂದವರೆದುರೆಲ್ಲ ಅದನ್ನೇ ಆಡಿದಳು. ಹೊಸ ಹರವಿ ತರುತ್ತೇನೆಂದರೆ, "ಇರ್ಲಿ ಬಿಡು, ಕುಡಿದಾಗೊಮ್ಮೆ ನಿನ್ನ ಸೈನ್ಸ್ ನೆನಪಾಗ್ತದ" ಎಂದಳು. ಸಂಘಮಿತ್ರಾಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ, ಕೆರೆಯ ಹೂಳೆತ್ತುವ ಕೂಲಿಗೆ ಹೋಗಿದ್ದ ಮೋನಮ್ಮನನ್ನು ಜೊತೆಯ ಕೂಲಿಯವರು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ತಂದರು. ಮೈ ಹಂಚಿನಂತೆ ಸುಡುತ್ತಿತ್ತು. ಒಂದು ಹನಿ ಬೆವರಿಲ್ಲ. ದಾರಿಯಲ್ಲಿ ಏನೇನೋ ಬಡಬಡಿಸುತ್ತಿದ್ದವಳು ಮನೆಗೆ ಬರುವಷ್ಟರಲ್ಲಿ ಮಾತು ಬಿಟ್ಟಿದ್ದಳು. ಸಂಘಮಿತ್ರಾಳ ಗಂಡ ಭೀಮರಾಯ ಶಹಾಪುರಕ್ಕೆ ಹೋಗಿದ್ದ. ಕರೆಂಟೂ ಇರಲಿಲ್ಲ. ಸಂಘಮಿತ್ರಾ ಆಂಬುಲೆನ್ಸಿಗೆ ಫೋನ್ ಮಾಡಿದಳು, ಯಾದಗಿರಿಯಿಂದ ಹೊರಟಿದೆ ಎಂದರು.

ಪಕ್ಕದ ಮನೆಯ ದುರಗಮ್ಮ ಹರಳೆಣ್ಣೆಯ ಬಾಟಲಿ ಹಿಡಿದು ಓಡಿ ಬಂದಳು. "ಬಿಸಲು ಬಡಿದದ. ಔಡಲೆಣ್ಣಿ ತಂಪು, ಮೈತುಂಬ ಹಚ್ಚು" ಎಂದಳು. ಸಂಘಮಿತ್ರಾ ಹಿಂದೆಮುಂದೆ ನೋಡದೆ ಅಂಗೈತುಂಬ ಸುರಿದುಕೊಂಡು ಅತ್ತೆಯ ಎದೆಗೆ, ತೋಳಿಗೆ, ಕಾಲಿಗೆ ತಿಕ್ಕಿದಳು. ಹೆದರಿಕೆಯಲ್ಲಿ ಓದಿದ್ದು ಯಾರಿಗೆ ನೆನಪಿರುತ್ತದೆ? ತಿಕ್ಕಿದಷ್ಟೂ ಮೈ ಕಾಯುತ್ತಲೇ ಹೋಯಿತು.

ಒಂದಿಷ್ಟು ನೀರು ಚಿಮುಕಿಸಿದಳು. ನೀರು ಮೈಗೆ ಹತ್ತಲಿಲ್ಲ. ಎಣ್ಣೆಯ ಮೇಲೆ ಮಣಿಯಾಗಿ ನಿಂತು, ಉರುಳಿ ಚಾಪೆಗೆ ಬಿತ್ತು. ಮೂಲೆಯಲ್ಲಿ ಹರವಿ ತುಂಬ ನೀರಿತ್ತು, ಹೊರಗಿನ ನೀಲಿ ಮಾತ್ರ ಒಣಒಣ ಹೊಳೆಯುತ್ತಿತ್ತು. ಸಂಘಮಿತ್ರಾ ಎಣ್ಣೆಯ ಬಾಟಲಿಯನ್ನು ದೂರ ಸರಿಸಿದಳು.

"ಎಣ್ಣಿ ಬ್ಯಾಡಕ್ಕ. ನಾವು ಅತ್ತಿ ಮೈಗೆ ಪೇಂಟ್ ಹಚ್ಚಾಕತ್ತೀವಿ."

"ತಲಿ ಕೆಟ್ಟದೇನು ನಿಂದು?" ಎಂದಳು ದುರಗಮ್ಮ.

ಸಂಘಮಿತ್ರಾ ಸಾಬೂನು ತಂದು ಅತ್ತೆಯ ಮೈ ಉಜ್ಜಿ ಎಣ್ಣೆ ತೆಗೆದಳು. ಹಳೆಯ ಕಾಟನ್ ಸೀರೆ ನೀರಲ್ಲಿ ಅದ್ದಿ ಹೊದಿಸಹೋದರೆ ದುರಗಮ್ಮ ಕೈ ಹಿಡಿದಳು. "ಕಾದ ಮೈಮ್ಯಾಲ ನೀರು ಹಾಕಿದ್ರ ಸನ್ನಿ ಆಗ್ತದ. ಹೆಚ್ಚುಕಮ್ಮಿ ಆದ್ರ ಭೀಮರಾಯಗ ಏನು ಹೇಳ್ತಿ?"

ಹರವಿಯ ವಿಷಯದಲ್ಲಿ ತಪ್ಪಿದವಳು ಇಲ್ಲೂ ತಪ್ಪಿದರೆ ಅತ್ತೆಯೇ ಹೋಗಿಬಿಡುತ್ತಾಳೆ ಎಂಬ ಭಯ ಸಂಘಮಿತ್ರಾಳಿಗೂ ಇತ್ತು. ಆದರೂ "ಏನರೆ ಆಗ್ಲಿ ಅಕ್ಕ, ನನ್ನ ಮ್ಯಾಲ ಹಾಕು. ಈಗ ಜ್ವಾಳ ಕೇರೋ ಮರ ತಗೊಂಡು ಗಾಳಿ ಬೀಸು" ಎಂದು ಕೈ ಕೊಸರಿಕೊಂಡು ಸೀರೆ ಹೊದಿಸಿಬಿಟ್ಟಳು.

ದುರಗಮ್ಮ ಬೈಯುತ್ತಲೇ ಮೊರ ಹಿಡಿದು ಬೀಸಿದಳು. ಆ ಝಳಕ್ಕೆ ಸೀರೆ ನೋಡನೋಡುತ್ತ ಒಣಗುತ್ತಿತ್ತು, ಸಂಘಮಿತ್ರಾ ಮತ್ತೆ ತೋಯಿಸುತ್ತಿದ್ದಳು. ಬಾಯಿಗೆ ನೀರು ಬಿಡಲು ಬಂದವರನ್ನು, ಎಚ್ಚರವಿಲ್ಲದವರಿಗೆ ಕುಡಿಸಿದರೆ ಉಸಿರು ಕಟ್ಟುತ್ತದೆಂದು ಗದರಿ ಕಳಿಸಿದಳು. ತೋಯಿಸಿದಳು, ಕತ್ತು ಮುಟ್ಟಿ ನೋಡಿದಳು, ಮತ್ತೆ ತೋಯಿಸಿದಳು. ಇನ್ನು ಆಸೆಯಿಲ್ಲ ಎಂದುಕೊಳ್ಳುವಾಗ ಕತ್ತಿನ ಕಾವು ಕೊಂಚ ಇಳಿದಂತೆ ಬೆರಳಿಗೆ ತಿಳಿಯಿತು. ನಿಜವೋ ತನ್ನ ಭ್ರಮೆಯೋ ಎಂದು ದುರಗಮ್ಮನ ಕೈಯನ್ನೂ ಹಚ್ಚಿಸಿದಳು. ದುರಗಮ್ಮ ಇನ್ನೂ ಜೋರಾಗಿ ಬೀಸತೊಡಗಿದಳು.

ಆಂಬುಲೆನ್ಸ್ ಓಣಿಗೆ ತಿರುಗುವ ಹೊತ್ತಿಗೆ ಮೋನಮ್ಮ ಕಣ್ಣು ಬಿಟ್ಟು, "ನೀರು" ಎಂದಳು. ಸಂಘಮಿತ್ರಾ ಅವಳನ್ನು ಎದೆಗೆ ಒರಗಿಸಿ ಕೂರಿಸಿದಳು. ದುರಗಮ್ಮ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ನೀಲಿ ಹರವಿಯಿಂದಲೇ ತಂಬಿಗೆ ತುಂಬಿ ತಂದಳು. ಮೋನಮ್ಮ ಒಂದು ಗುಟುಕು ನುಂಗಿ ಮುಖ ಸಿಂಡರಿಸಿದಳು.

"ನೀರು ಬಿಸಿ ಅವ" ಎಂದಳು.

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ಸಂಘಮಿತ್ರಾ ತಂಬಿಗೆ ಹಿಡಿದುಕೊಂಡೇ ಅತ್ತುಬಿಟ್ಟಳು.