ತಾಟಿನ ಕಡೆಯವನು

ಪಾತ್ರೆ ಬ್ಯಾಂಕಿನ ಹೆಣ್ಣುಮಕ್ಕಳು ಗೋಣಿಚೀಲ ಹಿಡಿದು ಮನೆಗೆ ಬಂದ ದಿನ ನಾನು ಬೆಳಿಗ್ಗೆಯಿಂದಲೇ ಸಿಡಿಮಿಡಿಗೊಂಡಿದ್ದೆ. ಸೊಲ್ಲಾಪುರದ ನಮ್ಮ ವಾರ್ಡ್ ಕಚೇರಿಯ ಪಕ್ಕದ ಕೋಣೆಯಲ್ಲಿ ಆ ಬ್ಯಾಂಕು ಹೊಸದಾಗಿ ಶುರುವಾಗಿತ್ತು. ಮನೆಗಳಲ್ಲಿ ಸುಮ್ಮನೆ ಬಿದ್ದಿರುವ ಸ್ಟೀಲ್ ತಾಟು, ಲೋಟಗಳನ್ನು ಕೂಡಿಸಿ ಮದುವೆ ಮುಂಜಿಗೆ ಕೊಡುವುದು, ತಿರುಗಿ ಬಂದಾಗ ಎಣಿಸಿ ಇಟ್ಟುಕೊಳ್ಳುವುದು, ತೂತು ಬಿದ್ದವನ್ನು ಕರಗಿಸಲು ಕಳಿಸುವುದು. ಊಟವಾದ ಮೇಲೆ ಥರ್ಮಾಕೋಲ್ ತಟ್ಟೆಗಳ ಗುಡ್ಡ ಬೀಳಬಾರದಂತೆ. ಎಲ್ಲ ಒಳ್ಳೆಯದೇ. ಆದರೆ ಒಬ್ಬನೇ ಇರುವವನ ಮನೆಗೆ ಬಂದು, "ಇಷ್ಟು ಪಾತ್ರಿ ನಿಮಗ ಯಾಕ ಬೇಕ್ರಿ ಕಾಕಾ?" ಎಂದು ಕೇಳಿದರೆ ಏನು ಹೇಳುವುದು? "ಎಲ್ಲಾ ಒಯ್ರಿ," ಎಂದವನೇ ಜಗುಲಿಗೆ ಬಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ.

ದುಡಿಯುವ ಕಾಲವೆಲ್ಲ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದವನು ನಾನು. ಅಲ್ಲಿ ನೂಲಿನ ತುಂಡೂ ಕಸಕ್ಕೆ ಹೋಗುತ್ತಿರಲಿಲ್ಲ. ಕತ್ತರಿಸಿ ಉಳಿದ ಅಂಚು, ಬಣ್ಣ ಕೆಟ್ಟ ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ಕಳಿಸುತ್ತಿದ್ದೆವು. ಅದನ್ನು ಎಲ್ಲೋ ಹಿಂಜಿ, ಮತ್ತೆ ನೂಲು ಮಾಡಿ ನೇಯುತ್ತಿದ್ದರು. ಕಾಲೊರಸಾಗಿ ಅದು ನಮ್ಮದೇ ಗೇಟಿನ ಅಂಗಡಿಗೆ ಮರಳುತ್ತಿತ್ತು. ಆ ಗೇಟು ದಾಟಿ ಹೋಗಿ ಮತ್ತೆ ಯಾವ ಕೆಲಸಕ್ಕೂ ಬಾರದ ವಸ್ತು ನಿವೃತ್ತ ಗುಮಾಸ್ತನೊಬ್ಬನೇ ಇರಬೇಕು.

ಮಧ್ಯಾಹ್ನ ಉಣ್ಣಲು ಹೋದಾಗ ಅಡುಗೆಮನೆಯ ಹಲಗೆಯ ಮೇಲೆ ಅವರು ನನಗೆಂದು ಬಿಟ್ಟುಹೋದ ನನ್ನ ತಾಟು ಒಂದೇ ಇತ್ತು. ಪಕ್ಕದ್ದು ಹೋಗಿತ್ತು. ಅದು ನನ್ನ ಹೆಂಡತಿಯದು. ಅವಳ ತವರು ನಾಗಣಸೂರ. ಮದುವೆಯಲ್ಲಿ ಕೊಡಲೆಂದು ಅವಳ ತಾಯಿ ಅಕ್ಕಲಕೋಟದ ಪೇಟೆಯಲ್ಲಿ ಆ ತಾಟಿನ ಅಂಚಿಗೆ ಮಗಳ ಹೆಸರನ್ನು ಕನ್ನಡದಲ್ಲಿ ಕೊರೆಸಿದ್ದರು. ಕೊರೆಯುವವನ ಕೈ ತಪ್ಪಿ ಕೊನೆಯ ಅಕ್ಷರ ಕೆಳಗೆ ಜಾರಿತ್ತು. ಅವಳು ತೀರಿಕೊಂಡ ಮೇಲೆ ಆ ತಾಟಿನಲ್ಲಿ ಯಾರೂ ಉಂಡಿರಲಿಲ್ಲ. ನನ್ನ ತಾಟು ತೆಗೆಯುವಾಗ ಅದನ್ನು ಒಂದಿಷ್ಟು ಸರಿಸುತ್ತಿದ್ದೆ, ಅಷ್ಟೇ. ಆವತ್ತು ಸರಿಸಲು ಏನೂ ಇರಲಿಲ್ಲ. ಅಳು ಬಂತು, ಸಿಟ್ಟೂ ಬಂತು. ಉಣ್ಣದೆ ಚಪ್ಪಲಿ ಮೆಟ್ಟಿ ಬ್ಯಾಂಕಿಗೆ ಹೊರಟೆ.

"ಹೆಸರು ಯಾವ ಭಾಷಾದಾಗ ಅದರಿ?" ನಾನು ತಾಟಿನ ವಿಷಯ ಹೇಳಿದಾಗ ಬ್ಯಾಂಕು ನೋಡಿಕೊಳ್ಳುವ ಹುಡುಗಿ ಕೇಳಿದಳು.

"ಕನ್ನಡದಾಗ."

"ಹಂಗಾರ ನಮಗ ಸಿಗಂಗಿಲ್ಲ ಬಿಡ್ರಿ ಕಾಕಾ. ಮಾತಾಡ್ತೀವಿ ಖರೆ, ಓದಾಕ ಬರಂಗಿಲ್ಲ. ನಮ್ಮ ಸಾಲಿ ಎಲ್ಲಾ ಮರಾಠಿ." ನನ್ನ ಮುಖ ನೋಡಿ ಅವಳ ದನಿ ಮೆತ್ತಗಾಯಿತು. "ನಿಮ್ಮನಿ ತಾಟು ಈಗಷ್ಟ ಟೆಂಪೋದಾಗ ಅಕ್ಕಲಕೋಟಿಗೆ ಹೋದವು. ನಾಳಿ ಅಲ್ಲಿ ಒಬ್ಬ ಬಸುರಿ ಹುಡುಗಿ ಕುಬಸದ ಊಟ ಅದ. ತಿರುಗಿ ಬಂದ ಮ್ಯಾಲ ನೀವೇ ಹುಡುಕ್ರಿ. ಸಿಕ್ರ ಒಯ್ರಿ, ನಿಮ್ದ ಅಲ್ಲೇನು?"

ತಿರುಗಿ ಬರುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಊಟದ ಜಾಗ ಅವಳಿಂದಲೇ ಕೇಳಿಕೊಂಡು, ಮರುದಿನ ಅಕ್ಕಲಕೋಟದ ಎಸ್‌ಟಿ ಬಸ್ಸು ಹತ್ತಿದೆ.

ಊಟವಿದ್ದ ಮಂಗಲ ಕಾರ್ಯಾಲಯದ ಹಿಂದಿನ ನಲ್ಲಿಯ ಹತ್ತಿರ ನಿಂತು ಎಂಜಲು ತಾಟುಗಳನ್ನು ನೋಡುವುದೆಂದು ಲೆಕ್ಕ ಹಾಕಿದ್ದೆ. ಬಾಗಿಲಲ್ಲೇ ಯಾರೋ ಕೈ ಹಿಡಿದರು. "ಬರ್ರಿ ಬರ್ರಿ, ಪಂಕ್ತಿ ಕೂತದ." ಬೇಡವೆನ್ನುವಷ್ಟರಲ್ಲಿ ನನ್ನ ಮುಂದೆ ಶೇಂಗಾ ಚಟ್ನಿ, ಹೋಳಿಗೆ ಬಿದ್ದಿದ್ದವು. ಕರೆಯದ ಊಟಕ್ಕೆ ಕೂತ ನಾಚಿಕೆಯಲ್ಲಿ ತಲೆ ತಗ್ಗಿಸಿ ಎದುರಿನ ಸಾಲಿನ ತಾಟುಗಳ ಅಂಚು ನೋಡುತ್ತಾ ಹೋದೆ.

ಹುಡುಕುವ ಕಷ್ಟವೇ ಆಗಲಿಲ್ಲ. ಸರಿಯಾಗಿ ನನ್ನ ಎದುರಿಗೆ, ಒಬ್ಬ ಹಿರಿಯ ಹೆಂಗಸಿನ ಮುಂದೆ ಇತ್ತು. ಕೆಳಗೆ ಜಾರಿದ ಆ ಅಕ್ಷರ ನನ್ನ ಕಡೆಗೇ ತಿರುಗಿತ್ತು. ನನ್ನ ಕಣ್ಣು ತುಂಬಿತು. ಪಕ್ಕದವರು ಚಟ್ನಿ ಖಾರವಾಯಿತೆಂದು ನೀರು ಸರಿಸಿದರು.

ಆಕೆ ನನ್ನನ್ನು ದಿಟ್ಟಿಸಿ ಕೇಳಿದಳು: "ನೀವು ಯಾರ ಕಡಿಯವರ್ರಿ? ಹುಡುಗಿ ಕಡಿಯವರೋ, ಹುಡುಗನ ಕಡಿಯವರೋ?"

ನಾನು ಯಾರ ಕಡೆಯವನೂ ಅಲ್ಲ. ಆ ಇಡೀ ಪಂಕ್ತಿಯಲ್ಲಿ ನನಗೆ ಗೊತ್ತಿದ್ದ ಹೆಸರು ಒಂದೇ. "ನಾ ತಾಟಿನ ಕಡಿಯಂವ್ರಿ," ಎಂದುಬಿಟ್ಟೆ.

"ಪಾತ್ರಿ ತಂದವರೇನು? ಹಂಗಾರ ಹಸದಿರ್ತೀರಿ. ಏ, ಇವರಿಗಿ ಇನ್ನೊಂದು ಹೋಳಿಗಿ ಹಾಕ್ರಿ!"

ಉಂಡೆ. ನನ್ನ ಎದುರು ಇನ್ನೊಬ್ಬರು ಕೂತು ಉಂಡು ಎಷ್ಟು ಕಾಲವಾಗಿತ್ತು! ಆಕೆ ಹೋಳಿಗೆಗೆ ಹಾಲು ಸುರಿದುಕೊಂಡು, ಕೊನೆಗೆ ಬೆರಳಿನಿಂದ ತಾಟು ಬಳಿದಳು. ನನ್ನವಳೂ ಹಾಗೆಯೇ ಬಳಿಯುತ್ತಿದ್ದಳು, ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ.

ಪಂಕ್ತಿ ಎದ್ದ ಮೇಲೆ ನಲ್ಲಿಯ ಹತ್ತಿರ ಹೋಗಿ ಆ ತಾಟನ್ನು ಎತ್ತಿಕೊಂಡೆ, ತೊಳೆದೆ. ಹೆಗಲಲ್ಲಿ ಚೀಲವಿತ್ತು, ಕೇಳುವವರು ಯಾರೂ ಇರಲಿಲ್ಲ. ಒಯ್ದರೆ ಮತ್ತೆ ಅದೇ ಹಲಗೆ, ಅದೇ ಮೂಲೆ. ನಾನು ಅದರಲ್ಲಿ ಉಣ್ಣುವುದಿಲ್ಲ, ಉಣ್ಣಲು ಇನ್ನೊಬ್ಬರು ಬರುವುದೂ ಇಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ತೊಳೆದ ತಾಟುಗಳ ಮೇಲೆ ಅದನ್ನೂ ಇಟ್ಟು ಬಂದೆ. ಬಸ್ಸಿನಲ್ಲಿ ಖಾಲಿ ಚೀಲ ತೊಡೆಯ ಮೇಲಿತ್ತು.

ಮರುದಿನ ಬ್ಯಾಂಕಿನ ಬಾಗಿಲಲ್ಲಿ ಆ ಹುಡುಗಿ ಗೋಣಿಚೀಲ ಬಿಚ್ಚುತ್ತಿದ್ದಳು. "ಬರ್ರಿ ಕಾಕಾ, ತಾಟು ಬಂದಾವ. ಹುಡುಕ್ತೀರೇನು?"

"ಹುಡುಕಿ ಬಂದೀನಿ. ಸಿಗಲಿಲ್ಲ," ಎಂದೆ.

ಅವಳು ಪಾಪ ಅನ್ನುವ ಹಾಗೆ ನನ್ನ ಮುಖ ನೋಡಿದಳು. ನಾನು ಹೋಗದೆ ಅಲ್ಲೇ ನಿಂತಿದ್ದೆ.

"ಮುಂದಿನ ಊಟ ಎಲ್ಲಿ ಅದವ್ವಾ?"