ಬೇಡ ಎಂದವರ ದಿನ

‘ಆಗುವುದಿಲ್ಲ’ ಎಂಬ ಒಂದು ಮಾತಿಗೆ ಹಬ್ಬ ಮಾಡುವ ಜನರಿದ್ದಾರೆಂದು ನನಗೆ ಗೊತ್ತಾದದ್ದು ಹಾವೇರಿ ಬಿಟ್ಟು ಪರದೇಶದ ಸ್ಟರ್ಲಿಂಗ್ ಹೈಟ್ಸ್‌ಗೆ ಬಂದ ಎರಡನೆಯ ತಿಂಗಳಲ್ಲಿ. ಪಕ್ಕದ ಮನೆಯ ಎಲೆನಿ ಆಂಟಿ, ಎಪ್ಪತ್ತರ ಹತ್ತಿರದ ಗ್ರೀಕ್ ಹೆಂಗಸು, ಒಂದು ಕೈಯಲ್ಲಿ ಪಾಲಕ್ ತುಂಬಿ ಬೇಯಿಸಿದ ತಿಂಡಿ, ಇನ್ನೊಂದು ಕೈಯಲ್ಲಿ ಸಹಿ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. 1940ರ ಅಕ್ಟೋಬರ್ 28ರಂದು ಇಟಲಿಯ ಸರ್ವಾಧಿಕಾರಿ ತನ್ನ ಸೈನ್ಯವನ್ನು ಒಳಗೆ ಬಿಡಿ ಎಂದಾಗ ಗ್ರೀಸ್ ದೇಶ ‘ಓಹಿ’ ಅಂದಿತಂತೆ. ಓಹಿ ಎಂದರೆ ಅವರ ಭಾಷೆಯಲ್ಲಿ ಇಲ್ಲ, ಬೇಡ. ಆಮೇಲೆ ಯುದ್ಧ, ಹಸಿವು, ಬೆಟ್ಟಗಳಲ್ಲಿ ಅಡಗಿ ನಡೆಸಿದ ಹೋರಾಟ. ಆ ದಿನವನ್ನು ಇಲ್ಲಿಯ ನಗರಸಭೆಯೂ ಅಧಿಕೃತವಾಗಿ ಸಾರಬೇಕು ಎಂಬುದು ಅವರ ಹಟ.

ಸಹಿ ಹಾಕಿದೆ. ಅಷ್ಟಕ್ಕೇ ಅವರು ಬಿಡಲಿಲ್ಲ. ನಗರಸಭೆಯ ಮುಂದೆ ಬಂದು ಮೂರು ನಿಮಿಷ ಮಾತಾಡು, ಗ್ರೀಕರಲ್ಲದವರು ಹೇಳಿದರೆ ತೂಕ ಹೆಚ್ಚು ಎಂದರು. ನಾನು ನಮ್ಮ ಹಾವೇರಿಯ ರೂಢಿಯಂತೆ ನಕ್ಕು, ಇಂಗ್ಲಿಷಿನಲ್ಲೇ ‘ನೋಡೋಣ’ ಅಂದೆ. ಮುಖದ ಮೇಲೆ ಇಲ್ಲ ಅನ್ನುವುದು ನಮ್ಮಲ್ಲಿಲ್ಲ. ನೋಡೋಣ ಅಂದರೆ ಕೇಳಿದವರೇ ಅರ್ಥ ಮಾಡಿಕೊಂಡು, ಚಹಾ ಕುಡಿದು ಎದ್ದು ಹೋಗುತ್ತಾರೆ. ಎಲೆನಿ ಆಂಟಿ ನನ್ನ ಹೆಸರನ್ನು ಮಾತಾಡುವವರ ಪಟ್ಟಿಯಲ್ಲಿ ಬರೆದುಕೊಂಡು ಹೋದರು.

ನನಗೆ ಮಾತಾಡುವ ಮನಸ್ಸಿರಲಿಲ್ಲ. ಮುಚ್ಚಿಡುವುದೇನು, ಹೊಟ್ಟೆಕಿಚ್ಚು. ನಾನು ಡ್ರೈವಿಂಗ್ ಕಲಿಯಲು ಹೋದಾಗಲೆಲ್ಲ ನನ್ನ ಒಂಬತ್ತು ವರ್ಷದ ಮಗಳು ಸಹನಾ ಎಲೆನಿ ಆಂಟಿಯ ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಅವರ ತಾಯಿ ಮದ್ದುಗುಂಡಿನ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಿದ್ದು, ಹೆಗಲ ಮೇಲಿನ ಹಗ್ಗದ ಬರೆ ಸಾಯುವವರೆಗೂ ಮಾಸದೆ ಉಳಿದದ್ದು ಎಲ್ಲ ಅವಳಿಗೆ ಬಾಯಿಪಾಠ. ಆಂಟಿಯನ್ನು ಯಾಯಾ ಎಂದು ಕರೆಯುತ್ತಿದ್ದಳು, ಗ್ರೀಕಿನಲ್ಲಿ ಅಜ್ಜಿ. ಶಾಲೆಯಲ್ಲಿ ಧೈರ್ಯವಂತರೊಬ್ಬರ ಚಿತ್ರ ಬರೆಯಿರಿ ಎಂದರೆ ಬೆನ್ನ ಮೇಲೆ ಪೆಟ್ಟಿಗೆ ಹೊತ್ತ ಆ ಹೆಂಗಸನ್ನೇ ಬರೆದಳು. ಟೀಚರ್ ಅದನ್ನು ಗೋಡೆಗೆ ಅಂಟಿಸಿದರು. ಮಗಳು ನನ್ನವಳು, ಬಣ್ಣ ನಾನು ಕೊಡಿಸಿದ್ದು, ಚಿತ್ರದಲ್ಲಿ ಮಾತ್ರ ಅವರ ಅವ್ವ.

ನನಗೂ ಒಬ್ಬ ಆಯಿ ಇದ್ದಳು, ನನ್ನ ತಾಯಿಯ ತಾಯಿ. ನಲವತ್ತೆರಡರ ಚಳವಳಿಯಲ್ಲಿ ತಂತಿ ಕತ್ತರಿಸಿ ಜೋಳದ ಹೊಲದಲ್ಲಿ ಅಡಗಿದ್ದವರಿಗೆ, ಬುಟ್ಟಿಯಲ್ಲಿ ಮೇಲೆ ಸಗಣಿಯ ಕುಳ್ಳು, ಕೆಳಗೆ ರೊಟ್ಟಿ ಇಟ್ಟು ಒಯ್ದು ಕೊಟ್ಟವಳು. ದಾರಿಯಲ್ಲಿ ಪೊಲೀಸ್ ಫೌಜದಾರ ತಡೆದಿದ್ದ. ರೊಟ್ಟಿ ಬಡಿಯುತ್ತಾ ಒಮ್ಮೆ ಹೇಳಿದ್ದಳು, ಅವನಿಗೆ ಕೊಟ್ಟ ಉತ್ತರದವರೆಗೆ ಕೇಳಿ ನಾನು ಬಸ್ಸಿಗೆ ಹೊತ್ತಾಯಿತೆಂದು ಅರ್ಧಕ್ಕೇ ಎದ್ದಿದ್ದೆ. ಎಲೆನಿ ಆಂಟಿಯ ಹತ್ತಿರ ಫೋಟೋ ಇತ್ತು, ತಾರೀಖು ಇತ್ತು, ಕೇಳುವುದಕ್ಕೆ ನನ್ನ ಮಗಳೂ ಇದ್ದಳು. ನಮ್ಮ ಆಯಿಗೆ ಒಂದು ಫೋಟೋ ಕೂಡ ಇಲ್ಲ. ನಾನೂ ಬಾಯಿ ಬಿಡದಿದ್ದರೆ ಸಹನಾಳ ಪಾಲಿಗೆ ಆಯಿ ಇರಲೇ ಇಲ್ಲ.

ಸಭೆಯ ಸಂಜೆ ಕಾರಿನ ಹಾರ್ನ್ ಕೇಳಿಸಿತು. ಬರುತ್ತೇನೆಂದಿದ್ದೆಯಲ್ಲ ಎಂದರು ಆಂಟಿ. ಇಲ್ಲ ಎಂದವರನ್ನು ನೆನೆಯುವ ಸಭೆಗೆ, ಇಲ್ಲ ಅನ್ನಲು ಬಾಯಿ ಬಾರದೆ ಹೊರಟೆ. ಮೈಕಿನ ಮುಂದೆ ಅವರು ಬರೆದುಕೊಟ್ಟ ಚೀಟಿ ಬಿಚ್ಚಿದೆ. ಮೊದಲ ಸಾಲಿನಲ್ಲಿ ಸಹನಾ ಅವರ ತೋಳಿಗೆ ಒರಗಿ ಕೂತಿದ್ದಳು. ಚೀಟಿ ಮಡಚಿ ಆಯಿಯ ಕಥೆ ಶುರು ಮಾಡಿದೆ. ಯಾರನ್ನಾದರೂ ನೋಡಿದಿಯೇನು ಎಂದು ಫೌಜದಾರ ಕೇಳಿದ್ದಕ್ಕೆ ಅವಳು ಅಂದದ್ದನ್ನು ಕನ್ನಡದಲ್ಲೇ ಹೇಳಿದೆ.

“ನೋಡೂಣ್ರೀ ಸಾಹೇಬ್ರ, ಕಂಡ್ರ ಹೇಳ್ತೀನಿ.”

ನಮ್ಮ ಸೀಮೆಯಲ್ಲಿ ‘ನೋಡೋಣ’ ಅಂದರೆ ಸತ್ತರೂ ಹೇಳುವುದಿಲ್ಲ ಎಂದರ್ಥ ಎಂದು ಇಂಗ್ಲಿಷಿನಲ್ಲಿ ವಿವರಿಸಿದ್ದೇ ಕೆಂಪು ದೀಪ ಹತ್ತಿತು. ಮೂರು ನಿಮಿಷ ಮುಗಿದಿತ್ತು. ಗ್ರೀಸ್ ದೇಶದ ಹೆಸರನ್ನೇ ನಾನು ಎತ್ತಿರಲಿಲ್ಲ.

ಪುಣ್ಯಕ್ಕೆ ನಿರ್ಣಯ ಪಾಸಾಯಿತು. ಆಂಟಿ ಕಾರು ಹೊರಡಿಸಿದರು.

“ನನ್ನ ಅವ್ವನ ಮೂರು ನಿಮಿಷ ನೀನು ತಿಂದೆ” ಎಂದರು.

ತಪ್ಪಾಯಿತು ಎಂದೆ. ಸಿಗ್ನಲ್‌ನಲ್ಲಿ ಕಾರು ನಿಂತಾಗ ನನ್ನ ಕಡೆ ತಿರುಗಿದರು.

“ಹಾಗಾದರೆ ಅವತ್ತು ಬಾಗಿಲಲ್ಲಿ ನೀನು ನನಗೆ ಹೇಳಿದ್ದೂ ಅದೇ ಮಾತಾ?”

ನಾನು ಕಿಟಕಿಯಾಚೆ ನೋಡಿದೆ. ಹಿಂದಿನ ಸೀಟಿನಿಂದ ಸಹನಾ ಕೇಳಿದಳು, “ಅಮ್ಮಾ, ವೈ ಡಿಡಂಟ್ ಯು ಎವರ್ ಟೆಲ್ ಮಿ?”

ಇದೆಲ್ಲ ಆಗಿ ಆರು ವರ್ಷವಾಯಿತು. ಪ್ರತಿ ಅಕ್ಟೋಬರ್ 28ಕ್ಕೆ ಗ್ರೀಕರ ನೀಲಿ ಬಿಳಿ ಬಾವುಟ ಏರುವಾಗ ಎರಡನೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತೇನೆ. ಎಲೆನಿ ಆಂಟಿ ಪಾಲಕ್ ತಿಂಡಿಯ ದೊಡ್ಡ ತುಂಡನ್ನು ನನಗೇ ಕೊಡುತ್ತಾರೆ. ಆದರೂ ಹೊಟ್ಟೆಯೊಳಗಿನ ಉರಿ ಆರಿಲ್ಲ. ಇವರ ಒಂದು ಮಾತಿಗೆ ಸಮುದ್ರದಾಚೆಯ ಊರಲ್ಲೂ ದಿನವಿದೆ, ಆಯಿಯ ಬುಟ್ಟಿಗೆ ಅವಳು ನಡೆದ ಊರಲ್ಲೇ ಇಲ್ಲ.

ಹೋದ ಭಾನುವಾರ ಬೆಳಿಗ್ಗೆ ಹಾವೇರಿಯ ತಮ್ಮನಿಗೆ ಫೋನ್ ಮಾಡಿದೆ. ಊರ ಶಾಲೆಯಲ್ಲಿ ವರ್ಷಕ್ಕೊಂದು ದಿನ ಆಯಿಯ ಹೆಸರು ಹೇಳಿ ಮಕ್ಕಳಿಗೆ ರೊಟ್ಟಿ ಹಂಚೋಣ ಎಂದೆ. ಅವನು ಪೂರಾ ಕೇಳಿಸಿಕೊಂಡ.

“ನೋಡೂಣ ತಗೋ ಅಕ್ಕಾ.”

ಊರಲ್ಲೇ ಉಳಿದವಳಾಗಿದ್ದರೆ ಅದು ‘ಇಲ್ಲ’ ಎಂದು ತಿಳಿದು, ಮನೆಯವರನ್ನೆಲ್ಲ ವಿಚಾರಿಸಿ ಫೋನ್ ಇಡುತ್ತಿದ್ದೆ. ಎಲೆನಿಯ ಪಕ್ಕದಲ್ಲಿ ಇಷ್ಟು ವರ್ಷ ಇದ್ದವಳು ಪೆನ್ನು ಹುಡುಕಿಕೊಂಡೆ.

“ಯಾವತ್ತು?” ಎಂದೆ.